ದತ್ತಸಂಚಯದಿಂದ ಗ್ರಂಥಸೂಚಿಗೆ: ಆಕರೋಲ್ಲೇಖಗಳ ಆಮದು

ಸಂಶೋಧನ ಪ್ರಬಂಧದ ಪ್ರಾಮಾಣ್ಯವು ಅದರ ಆಕರಗಳನ್ನು ಅವಲಂಬಿಸಿದೆಯೆಂಬುದು ವಿದ್ವಜ್ಜನರಿಗೆ ವಿದಿತವೇ ಇದೆ. ಒಂದು ಮಾತನ್ನು ಯಾರು, ಯಾವ ಗ್ರಂಥದಲ್ಲಿ, ಯಾವ ಮುದ್ರಣದ ಎಷ್ಟನೆಯ ಪುಟದಲ್ಲಿ ಹೇಳಿದರೆಂಬುದನ್ನು ಓದುಗನು ತಾನೇ ಹೋಗಿ ನೋಡುವಂತಿರಬೇಕು. ಹಿಂದಿನ ವಿದ್ವಾಂಸರು ಈ ವಿವರಗಳನ್ನು ಕಾರ್ಡುಗಳ ಮೇಲೆ ಬರೆದು ಅಕಾರಾದಿಯಾಗಿ ಜೋಡಿಸಿಟ್ಟುಕೊಳ್ಳುತ್ತಿದ್ದರು. ಈಗ ಆ ಕಾರ್ಡುಪೆಟ್ಟಿಗೆಯ ಸ್ಥಾನಕ್ಕೆ ಉಲ್ಲೇಖ ನಿರ್ವಹಣೆಯ ತಂತ್ರಾಂಶಗಳು ಬಂದಿವೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡು 2006ರಲ್ಲಿ ಹೊರಬಂದ ಜೊಟೆರೋ ಉಚಿತವಾಗಿ ದೊರೆಯುತ್ತದೆ. ಎಂಡ್‌ನೋಟ್ ಹಣ ತೆತ್ತು ಕೊಳ್ಳತಕ್ಕದ್ದು. ಬಡ ವಿದ್ಯಾರ್ಥಿಗೆ ಮೊದಲನೆಯದೇ ಸಾಕು.

ಈ ತಂತ್ರಾಂಶಗಳ ವಿಶೇಷವೆಂದರೆ, ವಿವರಗಳನ್ನು ಕೈಯಿಂದ ಬರೆಯದೆಯೇ ದತ್ತಸಂಚಯಗಳಿಂದ ನೇರವಾಗಿ ತುಂಬಿಕೊಳ್ಳಬಹುದು. ಇದಕ್ಕೆ ಮೂರು ದಾರಿಗಳುಂಟು. ಜಾಲವೀಕ್ಷಕಕ್ಕೆ ಜೋಡಿಸಿದ ಸಂಯೋಜಕವು ಪರದೆಯ ಮೇಲಿನ ಲೇಖನವನ್ನು ಗುರುತಿಸಿ ಒಂದೇ ಒತ್ತಿಗೆ ದಾಖಲಿಸಿಕೊಳ್ಳುವುದು ಮೊದಲನೆಯದು. ಲೇಖನದ ಡಿ.ಒ.ಐ. ಸಂಖ್ಯೆಯನ್ನೋ ಪುಸ್ತಕದ ಐ.ಎಸ್.ಬಿ.ಎನ್. ಸಂಖ್ಯೆಯನ್ನೋ ಕೊಟ್ಟು ಉಳಿದುದನ್ನು ತರಿಸಿಕೊಳ್ಳುವುದು ಎರಡನೆಯದು. ಜೆಸ್ಟೋರ್, ಪಬ್‌ಮೆಡ್ ಮೊದಲಾದ ಸಂಚಯಗಳಿಂದ ಉಲ್ಲೇಖಗಳ ಕಡತವನ್ನು ಇಳಿಸಿಕೊಂಡು ಆಮದು ಮಾಡುವುದು ಮೂರನೆಯದು. ಹಲವು ಉಲ್ಲೇಖಗಳನ್ನು ಒಟ್ಟಿಗೆ ತರಬೇಕಾದಾಗ ಈ ಕೊನೆಯ ದಾರಿಯೇ ಅನುಕೂಲ.

ಈ ಕಡತದೊಳಗೇನಿದೆಯೆಂಬುದನ್ನು ಒಮ್ಮೆಯಾದರೂ ತೆರೆದು ನೋಡುವುದು ಲೇಸು. ಆರ್.ಐ.ಎಸ್. ಎಂಬ ಬಹುಬಳಕೆಯ ವಿನ್ಯಾಸದಲ್ಲಿ ಪ್ರತಿಯೊಂದು ಸಾಲೂ ಎರಡಕ್ಷರದ ಸಂಕೇತದಿಂದ ಆರಂಭವಾಗುತ್ತದೆ. ಟಿ.ವೈ. ಎಂಬ ಸಾಲು ಆಕರದ ಜಾತಿಯನ್ನು, ಅಂದರೆ ಅದು ಗ್ರಂಥವೋ ಪತ್ರಿಕಾಲೇಖನವೋ ಎಂಬುದನ್ನು ತಿಳಿಸುತ್ತದೆ. ಎ.ಯು. ಎಂಬುದು ಕರ್ತೃವಿನ ಸಾಲು. ಕರ್ತೃಗಳು ಮೂವರಿದ್ದರೆ ಅಂಥ ಸಾಲುಗಳೂ ಮೂರು. ಇ.ಆರ್. ಎಂಬಲ್ಲಿಗೆ ಒಂದು ದಾಖಲೆ ಮುಗಿಯಿತು. ಬಿಬ್‌ಟೆಕ್ ಎಂಬ ಮತ್ತೊಂದು ವಿನ್ಯಾಸವು 1985ರಷ್ಟು ಹಿಂದಿನದು. ಯಾವ ವಿನ್ಯಾಸವಾದರೂ ತಂತ್ರಾಂಶವು ಸಂಕೇತವನ್ನು ನೋಡಿ ವಿವರವನ್ನು ಆಯಾ ಮನೆಗೆ ತುಂಬುವುದೇ ಹೊರತು ವಿವರದ ಸತ್ಯಾಸತ್ಯವನ್ನು ಪರೀಕ್ಷಿಸುವುದಿಲ್ಲ. ದಾಖಲೆಯಲ್ಲಿ ದೋಷವಿದ್ದರೆ ದೋಷವೇ ಬರುತ್ತದೆ. ಪ್ರಬಂಧದಿಂದ ಪ್ರಬಂಧಕ್ಕೆ ದಾಟುತ್ತ ಹೋಗುತ್ತದೆ.

ಕನ್ನಡದ ವಿಷಯಗಳನ್ನು ಕುರಿತು ಕೆಲಸ ಮಾಡುವವರಿಗೆ ಅತಿ ಹೆಚ್ಚಿನ ತೊಡಕು ಹೆಸರುಗಳದು. ಈ ವ್ಯವಸ್ಥೆಗಳೆಲ್ಲ ಪಾಶ್ಚಾತ್ಯ ನಾಮಪದ್ಧತಿಯನ್ನು ಮನಸ್ಸಿನಲ್ಲಿಟ್ಟು ಹುಟ್ಟಿದವು. ಮನೆತನದ ಹೆಸರಿಗೊಂದು ಮನೆ, ವ್ಯಕ್ತಿಯ ಹೆಸರಿಗೊಂದು ಮನೆ. ಅಲ್ಪವಿರಾಮವಿಲ್ಲದೆ ಬಂದ ಹೆಸರಿನ ಕೊನೆಯ ಪದವನ್ನು ಮನೆತನದ ಹೆಸರೆಂದು ಗ್ರಹಿಸುವುದು ಬಿಬ್‌ಟೆಕ್‌ನ ರೂಢಿ. ಫ. ಗು. ಹಳಕಟ್ಟಿಯವರ ವಿಷಯದಲ್ಲಿ ಇದು ಸರಿಹೊಂದುತ್ತದೆ, ಏಕೆಂದರೆ ಉತ್ತರ ಕರ್ನಾಟಕದ ಕ್ರಮದಂತೆ ಮನೆತನದ ಹೆಸರು ಕೊನೆಗಿದೆ. ಜಿ. ಎಸ್. ಶಿವರುದ್ರಪ್ಪನವರಲ್ಲಿ ಕೊನೆಯದು ಅವರ ಸ್ವಂತ ಹೆಸರೇ. ಆದರೂ ಸೂಚಿಯಲ್ಲಿ ಅದೇ ಮುಂದೆ ಬರಬೇಕಾದುದರಿಂದ ಹಾನಿಯಿಲ್ಲ. ನಿಜವಾದ ಹಾನಿಯಾಗುವುದು ವಚನಕಾರರ ಹೆಸರುಗಳಲ್ಲಿ. ಎರಡು ಪದಗಳಾಗಿ ಬರೆದ ಅಲ್ಲಮ ಪ್ರಭು ಎಂಬುದು 'ಪ್ರಭು, ಅಲ್ಲಮ' ಎಂದಾಗಿ ಪ್ರಭು ಎಂಬ ಮನೆತನದವರ ಸಾಲಿಗೆ ಸೇರುತ್ತದೆ. ಅಕ್ಕ ಮಹಾದೇವಿಯಲ್ಲಿ 'ಅಕ್ಕ' ಎಂಬ ಗೌರವವಾಚಕವೇ ಆಕೆಯ ಸ್ವಂತ ಹೆಸರಾಗಿಬಿಡುತ್ತದೆ. ಜೇಡರ ದಾಸಿಮಯ್ಯನ ಕಾಯಕವು ಹೆಸರಿನಿಂದ ಸಿಡಿದು ಹಿಂದಕ್ಕೆ ಹೋಗುತ್ತದೆ. ಸಂಸ್ಥೆಯೇ ಕರ್ತೃವಾಗಿದ್ದರೆ 'ವಿಶ್ವವಿದ್ಯಾಲಯ, ಕರ್ನಾಟಕ' ಎಂಬ ಹಾಸ್ಯಾಸ್ಪದ ರೂಪವೂ ಕಾಣಿಸಿಕೊಳ್ಳುವುದುಂಟು.

ಪರಿಹಾರವು ಕಷ್ಟದ್ದಲ್ಲ. ಜೊಟೆರೋದಲ್ಲಿ ಕರ್ತೃವಿನ ಹೆಸರಿನ ಪಕ್ಕದಲ್ಲಿರುವ ಚಿಕ್ಕ ಗುಂಡಿಯನ್ನು ಒತ್ತಿದರೆ ಎರಡು ಮನೆಗಳು ಕೂಡಿ ಒಂದಾಗುತ್ತವೆ. ಕುವೆಂಪು ಎಂಬಂಥ ಕಾವ್ಯನಾಮಕ್ಕೂ, ವಚನಕಾರರ ಹೆಸರುಗಳಿಗೂ, ಸಂಸ್ಥೆಗಳಿಗೂ ಇದೇ ತಕ್ಕುದು. ಬಿಬ್‌ಟೆಕ್ ಬಳಸುವವರು ಇಡೀ ಹೆಸರನ್ನು ಇಮ್ಮಡಿ ಪುಷ್ಪಾವರಣದಲ್ಲಿಟ್ಟರೆ ಅದು ಒಡೆಯುವುದಿಲ್ಲ.

ಎರಡನೆಯ ತೊಡಕು ಲಿಪ್ಯಂತರದ್ದು. ವಿದೇಶದ ಗ್ರಂಥಾಲಯಗಳು ಕನ್ನಡ ಗ್ರಂಥನಾಮಗಳನ್ನು ರೋಮನ್ ಲಿಪಿಯಲ್ಲಿ, ಚುಕ್ಕೆ ಗೆರೆಗಳ ಸಹಿತ ದಾಖಲಿಸುತ್ತವೆ. ಅಲ್ಲಿ 'ವಚನ' ಶಬ್ದದ ಚಕಾರಕ್ಕೆ ಸಿ ಎಂಬ ಒಂದೇ ಅಕ್ಷರ. ನಮ್ಮ ಲೇಖಕರ ಇಂಗ್ಲಿಷ್ ಬರಹಗಳಲ್ಲಿ ಸಿ, ಎಚ್ ಎಂಬ ಎರಡು. ಮೂರನೆಯ ಕಡೆಯಿಂದ ಅದೇ ಗ್ರಂಥ ಕನ್ನಡ ಲಿಪಿಯಲ್ಲಿ ಬಂದೀತು. ಹೀಗೆ ಒಂದು ಪುಸ್ತಕವು ಮೂರಾಗಿ ನಿಲ್ಲುತ್ತದೆ. ಇಮ್ಮಡಿ ದಾಖಲೆಗಳನ್ನು ಹುಡುಕಿ ಕೂಡಿಸುವ ಸೌಲಭ್ಯವು ತಂತ್ರಾಂಶದಲ್ಲಿದ್ದರೂ ಅದು ಶೀರ್ಷಿಕೆ, ಡಿ.ಒ.ಐ., ಐ.ಎಸ್.ಬಿ.ಎನ್. ಇವುಗಳ ಸಾಮ್ಯವನ್ನೇ ನಂಬಿದೆ, ಐ.ಎಸ್.ಬಿ.ಎನ್. ಇಲ್ಲದ ಹಳೆಯ ಮುದ್ರಣಗಳಲ್ಲಿ ಅದಕ್ಕೆ ಕುರುಡು. ಯೂನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸದಲ್ಲಿ ಸಿದ್ಧವಾದ ಪಟ್ಟಿಗಳನ್ನಂತೂ ಪರಿವರ್ತಿಸದೆ ಆಮದು ಮಾಡಲಾಗದು. ಅಕ್ಷರಗಳ ಬದಲು ಅರ್ಥಹೀನ ಚಿಹ್ನೆಗಳು ಬಂದು ಕೂರುತ್ತವೆ.

ವರ್ಷದ ವಿಷಯದಲ್ಲಿಯೂ ಎಚ್ಚರ ಬೇಕು. 'ವಚನಶಾಸ್ತ್ರಸಾರ'ದ ಮೊದಲ ಭಾಗವು ಬೆಳಕು ಕಂಡುದು 1923ರಲ್ಲಿ. ಮರುಮುದ್ರಣದ ವರ್ಷವೊಂದೇ ಆಮದಾದರೆ, ಹಳಕಟ್ಟಿಯವರು ತಮಗಿಂತ ಕಿರಿಯರಾದ ಸಂಪಾದಕರ ಹಿಂದೆ ನಡೆದಂತೆ ತೋರುತ್ತದೆ. ಯಾರು ಯಾರಿಗೆ ಋಣಿಗಳೆಂಬ ಇತಿಹಾಸವೇ ತಲೆಕೆಳಗಾಗುತ್ತದೆ. ಆದ್ದರಿಂದ ಕೈಯಲ್ಲಿರುವ ಮುದ್ರಣದ ವರ್ಷವನ್ನು ಅದರ ಮನೆಯಲ್ಲಿಟ್ಟು, ಮೂಲ ಪ್ರಕಟಣೆಯ ವರ್ಷವನ್ನು ಹೆಚ್ಚುವರಿ ವಿವರದ ಅಂಕಣದಲ್ಲಿ ನಮೂದಿಸತಕ್ಕದ್ದು.

ಆಮದಿನ ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡುವುದು ಉಚಿತ. ಕಡತವನ್ನು ತರುವಾಗ ಅದನ್ನು ಹೊಸ ಸಂಗ್ರಹವಾಗಿ ಇರಿಸಿಕೊಳ್ಳುವ ಆಯ್ಕೆ ಇದೆ. ಅದನ್ನು ಬಳಸಿದರೆ ಹೊಸತು ಹಳೆಯದರಲ್ಲಿ ಬೆರೆತುಹೋಗುವುದಿಲ್ಲ. ಇಪ್ಪತ್ತು ದಾಖಲೆಗಳನ್ನು ಗ್ರಂಥದ ಮುಖಪುಟದೊಡನೆ ಹೋಲಿಸಿ ನೋಡಲು ಒಂದು ಸಂಜೆ ಸಾಲುತ್ತದೆ. ಐನೂರನ್ನು ಯಾರೂ ನೋಡುವುದಿಲ್ಲ. ಪ್ರಬಂಧ ಬರೆಯುತ್ತಿರುವಾಗ ದೋಷ ಕಂಡುಬಂದರೂ ಸಂಗ್ರಹದಲ್ಲಿಯೇ ತಿದ್ದಬೇಕು. ಹಾಗೆ ತಿದ್ದಿದರೆ ಪ್ರಬಂಧದ ಅಡಿಟಿಪ್ಪಣಿಗಳೂ ಗ್ರಂಥಸೂಚಿಯೂ ನವೀಕರಿಸಿದೊಡನೆ ತಾವಾಗಿ ಸರಿಯಾಗುತ್ತವೆ. ಅಡಿಟಿಪ್ಪಣಿಯಲ್ಲಿ ಮಾತ್ರ ತಿದ್ದಿದರೆ ಮುಂದಿನ ಪ್ರಬಂಧದಲ್ಲಿ ಅದೇ ತಪ್ಪು ಮತ್ತೆ ತಲೆದೋರುತ್ತದೆ. ದತ್ತಸಂಚಯದಿಂದ ಬರುವುದು ಲೇಖನವು ಯಾವ ಪುಟದಿಂದ ಯಾವ ಪುಟದವರೆಗಿದೆಯೆಂಬ ವಿವರ ಮಾತ್ರ. ಉದ್ಧರಿಸಿದ ಮಾತು ಇರುವ ಪುಟವನ್ನು ಸಂಶೋಧಕನೇ ಪುಸ್ತಕ ತೆರೆದು ನೋಡಿ ಬರೆಯಬೇಕು.