ಗಾಡಿ ತರ್ರಿ, ನೋಡಿ ಹೇಳ್ತೀನಿ

ಶಿಗ್ಗಾಂವಿಯ ಹೆದ್ದಾರಿ ಬದಿಯಲ್ಲೋ ಹಾನಗಲ್ಲಿನ ಪೇಟೆ ದಾಟಿದ ಮೇಲೋ ಯಾವುದಾದರೊಂದು ವೆಲ್ಡಿಂಗ್ ಅಂಗಡಿಯ ಮುಂದೆ ನಿಂತು, ‘ಜೀಪಿಗೆ ಹಿಂದಿನ ಬಂಪರ್ ಮಾಡಿಕೊಡ್ತೀರೇನ್ರಿ, ಎಷ್ಟಾಗ್ತದ’ ಎಂದು ಕೇಳಿದರೆ ಮಿಸ್ತ್ರಿ ಬೆಲೆ ಹೇಳುವುದಿಲ್ಲ. ಮುಖದ ಮುಂದಿನ ಗಾಜು ಸರಿಸಿ, ‘ಗಾಡಿ ತರ್ರಿ, ನೋಡಿ ಹೇಳ್ತೀನಿ’ ಅನ್ನುತ್ತಾನೆ. ಫೋಟೋ ತೋರಿಸಿದರೂ ಅದೇ ಉತ್ತರ. ಮೊದಲ ಸಲ ಕೇಳಿದವರಿಗೆ ಇದು ಗಿರಾಕಿಯನ್ನು ಸಾಗಹಾಕುವ ಮಾತೆನಿಸಬಹುದು. ಆದರೆ ಈ ಕಸುಬಿನ ಅರ್ಧ ವಿದ್ಯೆ ಆ ಮಾತಿನಲ್ಲೇ ಇದೆ.

ಕಾರ್ಖಾನೆಯಿಂದ ಹೊರಟ ದಿನ ಒಂದೇ ಅಚ್ಚಿನಲ್ಲಿದ್ದ ಜೀಪುಗಳು ಹತ್ತು ವರ್ಷದ ಮೇಲೆ ಒಂದೇ ಆಗಿ ಉಳಿದಿರುವುದಿಲ್ಲ. ಒಂದರ ಕಮಾನು ಕುಸಿದಿರುತ್ತದೆ, ಇನ್ನೊಂದರ ಚಾಸಿ ಯಾವುದೋ ಗುಂಡಿಯಲ್ಲಿ ಅರ್ಧ ಇಂಚು ತಿರುಚಿಕೊಂಡಿರುತ್ತದೆ, ಮತ್ತೊಂದಕ್ಕೆ ದೊಡ್ಡ ಗಾಲಿ ಹಾಕಿಸಿರುತ್ತಾರೆ. ಕಾಗದದ ಮೇಲಿನ ಅಳತೆಗೆ ಮಾಡಿದ ಬಂಪರ್ ಇವುಗಳಲ್ಲಿ ಒಂದಕ್ಕೂ ಸರಿಯಾಗಿ ಕೂರದು. ಅದಕ್ಕೇ ಮಿಸ್ತ್ರಿ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಹಳೆಯ ಬಂಪರ್ ಬಿಚ್ಚಿ, ಚಾಸಿಯ ಎರಡೂ ತುದಿಗಳನ್ನು ಮುಟ್ಟಿ ನೋಡಿ, ಆ ಕೊನೆಯಿಂದ ಈ ಕೊನೆಗೆ ದಾರ ಎಳೆದು, ಸೀಮೆಸುಣ್ಣದಲ್ಲಿ ನೆಲದ ಮೇಲೆಯೇ ಗೆರೆ ಹಾಕಿಕೊಳ್ಳುತ್ತಾನೆ. ಅಳತೆ ಒಂದಷ್ಟು ಮಿಲಿಮೀಟರಿನಲ್ಲಿ, ಒಂದಷ್ಟು ಸೂತಿನಲ್ಲಿ. ಒಂದು ಸೂತೆಂದರೆ ಇಂಚಿನ ಎಂಟನೇ ಒಂದು ಭಾಗ, ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ಹೊಸ ಹುಡುಗರು ಟೇಪಿನ ಮಿಲಿಮೀಟರ್ ಬದಿ ನೋಡುತ್ತಾರೆ, ಹಿರಿಯರು ಸೂತಿನ ಬದಿ. ಒಂದೇ ಅಂಗಡಿಯಲ್ಲಿ ಎರಡೂ ನಡೆಯುತ್ತವೆ.

ಹಾವೇರಿ ಜಿಲ್ಲೆಯ ಶಿಗ್ಗಾಂವಿ, ಹಾನಗಲ್ಲು, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ‘ಆಫ್-ರೋಡ್’ ಎಂಬುದು ಯಾರದೋ ಭಾನುವಾರದ ಹವ್ಯಾಸವಷ್ಟೇ ಅಲ್ಲ. ಹಾನಗಲ್ಲಿನ ಪಶ್ಚಿಮದ ಹಳ್ಳಿಗಳು ಮಲೆನಾಡಿನ ಸೆರಗು. ಗದ್ದೆಯ ಬದು, ತೋಟದ ದಾರಿ, ಮುಂಡಗೋಡದ ಕಡೆಯ ಕಾಡಿನಂಚು ಅಲ್ಲಿವೆ. ಸವಣೂರಿನ ಕಡೆ ಎರೆ ಹೊಲ. ಒಂದು ಮಳೆ ಬಿದ್ದರೆ ಸಾಕು, ರಾಡಿ ಗಾಲಿಗೆ ಅಂಟಿ ಮಡ್‌ಗಾರ್ಡಿನವರೆಗೆ ತುಂಬಿ ಗಾಡಿಯನ್ನೇ ಹಿಡಿದು ನಿಲ್ಲಿಸುತ್ತದೆ. ಹಿರೇಕೆರೂರಿನಲ್ಲಿ ಗೋವಿನಜೋಳದ ಸುಗ್ಗಿ ಬಂತೆಂದರೆ ಹೊಲದಿಂದ ಕಣಕ್ಕೆ, ಕಣದಿಂದ ಪೇಟೆಗೆ ಟ್ರ್ಯಾಕ್ಟರುಗಳು ಓಡುತ್ತಲೇ ಇರುತ್ತವೆ. ಡಾಂಬರು ಬಿಟ್ಟು ಇಳಿಯುವುದು ಇಲ್ಲಿನ ಗಾಡಿಗೆ ದಿನದ ಕೆಲಸ. ಹಾಗಾಗಿ ಇಲ್ಲಿನ ವೆಲ್ಡಿಂಗ್ ಅಂಗಡಿ ಹೆಚ್ಚಾಗಿ ಮಾಡುವುದು ಟ್ರೇಲರ್, ಕುಂಟೆ, ರೆಂಟೆ, ಟ್ರ್ಯಾಕ್ಟರಿನ ಹುಕ್ಕು ಮತ್ತು ಮುಂದಿನ ಬಂಪರ್. ಜೀಪಿನ ಹಿಂದಿನ ಬಂಪರ್ ನಡುನಡುವೆ ಬರುವ ಕೆಲಸ. ಆದರೂ ಇದನ್ನೇ ಹಿಡಿದು ಬರೆಯಲು ಹೊರಟಿದ್ದೇನೆ. ಒಂದೂವರೆ ಮೀಟರ್ ಉದ್ದದ ಈ ವಸ್ತುವಿನಲ್ಲಿ ಈ ಕೈಗಳ ವಿದ್ಯೆಯೆಲ್ಲ ಬಂದು ಸೇರುತ್ತದೆ.

ಮೊದಲ ಪ್ರಶ್ನೆ ತಗಡಿನ ದಪ್ಪದ್ದು. ‘ದಪ್ಪಂದು ಹಾಕ್ರಿ’ ಎಂದು ಗಿರಾಕಿ ಹೇಳುತ್ತಾನೆ. ಮಿಸ್ತ್ರಿ ತೂಕದ ಲೆಕ್ಕ ಹೇಳುತ್ತಾನೆ. ಒಂದು ಚದರ ಮೀಟರ್ ಉಕ್ಕಿನ ತಗಡು ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕಿಲೋ ತೂಗುತ್ತದೆ. ಮಡಿಕೆಗಳನ್ನೆಲ್ಲ ಬಿಡಿಸಿ ಹರವಿದರೆ ಒಂದೂವರೆ ಮೀಟರ್ ಉದ್ದ, ನಲವತ್ತು ಸೆಂಟಿಮೀಟರ್ ಅಗಲ ಬರುವ ಬಂಪರಿಗೆ 3 ಮಿ.ಮೀ. ತಗಡು ಹಾಕಿದರೆ ಸುಮಾರು 14 ಕಿಲೋ, 5 ಮಿ.ಮೀ. ಹಾಕಿದರೆ 23 ಕಿಲೋ ದಾಟುತ್ತದೆ. ಮೇಲೆ ಹಿಡಿಕೆ, ಕೊಕ್ಕೆ, ಹೆಚ್ಚುವರಿ ಗಾಲಿಯ ತೋಳು ಸೇರಿದರೆ ಇನ್ನಷ್ಟು. ಈ ಭಾರವೆಲ್ಲ ಹಿಂದಿನ ಅಚ್ಚಿನಾಚೆ ತೂಗುಬಿದ್ದಿರುತ್ತದೆ. ತಕ್ಕಡಿಯಂತೆ ಅದು ಹಿಂದನ್ನು ಒತ್ತಿ ಮುಂದನ್ನು ಹಗುರ ಮಾಡುತ್ತದೆ. ಆದ್ದರಿಂದ ಬಲ್ಲ ಮಿಸ್ತ್ರಿ ಹೊರಮೈಗೆ 3 ಅಥವಾ 4 ಮಿ.ಮೀ. ತಗಡನ್ನೇ ಆರಿಸಿ, ಚಾಸಿಗೆ ಕೂರುವ ಹಿಡಿಕೆಗೆ ಮಾತ್ರ 8 ಮಿ.ಮೀ. ಪ್ಲೇಟ್ ಕೊಡುತ್ತಾನೆ. ಬಲ ಬೇಕಾದಲ್ಲಷ್ಟೇ ಕಬ್ಬಿಣ ಇಡುವುದು ಜಾಣತನ. ಕೆಲಸಕ್ಕೆ ಕೆ.ಜಿ. ಲೆಕ್ಕದಲ್ಲಿ ಹಣ ಪಡೆಯುವ ರೂಢಿಯಿರುವಲ್ಲಿ ಕಡಿಮೆ ಕಬ್ಬಿಣ ಸಾಕು ಎನ್ನುವ ಮಿಸ್ತ್ರಿ ತನ್ನ ಸಂಪಾದನೆಯನ್ನೂ ಕಡಿಮೆ ಮಾಡಿಕೊಳ್ಳುತ್ತಿರುತ್ತಾನೆ. ಅಂಥವರನ್ನು ಕಂಡರೆ ನನಗೆ ಗೌರವ.

ತಗಡು ಬಗ್ಗಿಸುವ ದೊಡ್ಡ ಪ್ರೆಸ್ ಸಣ್ಣ ಊರಿನ ಅಂಗಡಿಯಲ್ಲಿ ಇರುವುದಿಲ್ಲ. ಹುಬ್ಬಳ್ಳಿಗೆ ಒಯ್ದು ಬಗ್ಗಿಸಿ ತರಬಹುದು. ಇಲ್ಲವಾದರೆ ಗ್ರೈಂಡರಿನಿಂದ ಮಡಿಕೆಯ ಗೆರೆಯುದ್ದಕ್ಕೂ ಅರ್ಧ ದಪ್ಪದವರೆಗೆ ಕಾಲುವೆ ಕೊರೆದು, ಪ್ಲೇಟನ್ನು ಬಿಗಿಹಿಡಿದು ಬಗ್ಗಿಸಿ, ಆ ಕಾಲುವೆಯನ್ನು ಮತ್ತೆ ವೆಲ್ಡಿಂಗಿನಿಂದ ತುಂಬುತ್ತಾರೆ. ಸರಿಯಾಗಿ ತುಂಬಿ ಉಜ್ಜಿದರೆ ಮಡಿಕೆ ಎಲ್ಲಿತ್ತೆಂದು ಬೆರಳಿಗೂ ಗೊತ್ತಾಗದು.

ಇನ್ನು ಕಾವಿನ ಮಾತು. ನಮ್ಮ ಹಳ್ಳಿಗಳ ಕಮ್ಮಾರಸಾಲೆಯಲ್ಲಿ ಚಕ್ಕಡಿಯ ಗಾಲಿಗೆ ಹಳಿ ಕಟ್ಟುವುದನ್ನು ನೋಡಿದವರು ಇನ್ನೂ ಇದ್ದಾರೆ. ಕಟ್ಟಿಗೆಯ ಗಾಲಿಗಿಂತ ತುಸು ಚಿಕ್ಕದಾಗಿ ಕಬ್ಬಿಣದ ಬಳೆ ಮಾಡಿ, ಅದನ್ನು ನೆಲದ ಮೇಲಿಟ್ಟು ಸುತ್ತ ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಿದ್ದರು. ಕೆಂಪಗೆ ಕಾದು ಹಿಗ್ಗಿದ ಬಳೆಯನ್ನು ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ ನೀರು ಸುರಿದರೆ, ಅದು ಕುಗ್ಗುತ್ತ ಕಟ್ಟಿಗೆಯ ಒಂದೊಂದು ಕೀಲನ್ನೂ ಬಿಗಿದು ಹಿಡಿಯುತ್ತಿತ್ತು. ಕಾದ ಕಬ್ಬಿಣ ತಣಿಯುವಾಗ ಕುಗ್ಗುವ ಗುಣವೇ ಕಮ್ಮಾರನ ಬಲಗೈ ಆಗಿತ್ತು. ಅದೇ ಗುಣ ಇಂದಿನ ವೆಲ್ಡರಿನ ಎದುರಾಳಿ. ಉಕ್ಕು ಕರಗುವುದು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಹತ್ತಿರ. ಬಂಪರಿನ ಒಂದು ಬದಿಗೆ ಉದ್ದಕ್ಕೂ ಒಂದೇ ಏಟಿಗೆ ವೆಲ್ಡ್ ಎಳೆದರೆ ಆ ಬದಿ ತಣಿಯುತ್ತ ಕುಗ್ಗಿ ಇಡೀ ಬಂಪರ್ ಬಾಳೆಕಾಯಿಯಂತೆ ಬಾಗುತ್ತದೆ. ಒಮ್ಮೆ ಬಾಗಿದರೆ ಸರಿಪಡಿಸುವುದು ಹೊಸದು ಮಾಡಿದಷ್ಟೇ ಕಷ್ಟ. ಅದಕ್ಕೇ ಮೊದಲು ಎಲ್ಲ ಮೂಲೆಗಳಿಗೂ ಬರಿಯ ಚುಕ್ಕೆಯಂಥ ಟ್ಯಾಕ್ ಹೊಡೆದು, ಗಾಡಿಗೇ ಹಿಡಿಸಿ ನೋಡಿ, ಮೂಲೆಯಿಂದ ಮೂಲೆಗೆ ಅಳೆದು, ಆಮೇಲೆ ಎಡಕ್ಕೆ ಒಂದೂವರೆ ಇಂಚು, ಬಲಕ್ಕೆ ಒಂದೂವರೆ ಇಂಚು, ನಡುವೆ ತಣಿಯಲು ಬಿಟ್ಟು ಮತ್ತೆ ಇನ್ನೊಂದು ಕಡೆ ಎಂದು ಹೊಲಿಗೆ ಹಾಕಿದಂತೆ ಸಾಗುತ್ತಾರೆ. ಅವಸರದ ಗಿರಾಕಿ ‘ಯಾಕ ಸುಮ್ನ ಕುಂತೀರಿ’ ಎಂದು ಕೇಳುವುದು ಈ ಹೊತ್ತಿನಲ್ಲಿ. ಕಬ್ಬಿಣ ತಣಿಯಲಿ ಎಂದು ಕಾಯುವುದೂ ಕೆಲಸವೇ.

ಕಮ್ಮಾರಿಕೆಯಿಂದ ವೆಲ್ಡಿಂಗಿಗೆ ಬಂದ ಮನೆತನಗಳಿವೆ, ಕಮ್ಮಾರಿಕೆ ಗೊತ್ತೇ ಇಲ್ಲದೆ ಐಟಿಐಯಿಂದ ಬಂದ ಹುಡುಗರಿದ್ದಾರೆ. ಅಲ್ಲಿ ವೆಲ್ಡರ್ ತರಬೇತಿ ಒಂದು ವರ್ಷ, ಫಿಟ್ಟರ್ ಎರಡು ವರ್ಷ. ಅಂಗಡಿಯಲ್ಲಿ ಕಲಿಯಲು ಅವಧಿಯ ಲೆಕ್ಕವಿಲ್ಲ. ರಾಡ್ ಎಷ್ಟು ದೂರ ಹಿಡಿಯಬೇಕೆಂಬುದು ಕೈಗಿಂತ ಮೊದಲು ಕಿವಿಗೆ ತಿಳಿಯುತ್ತದೆ ಎನ್ನುತ್ತಾರೆ ಬಲ್ಲವರು. ಸರಿಯಿದ್ದರೆ ಎಣ್ಣೆಯಲ್ಲಿ ಏನೋ ಕರಿಯುವಾಗಿನ ಚರಚರ ಸದ್ದು ಒಂದೇ ಸಮನೆ ಬರಬೇಕು. ಹಿಂದೆ ಭಾರದ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರಿಗೆ ಕರೆಂಟು ಸಾಲದೆ, ಇದ್ದಾಗಲೇ ಕೆಲಸ ಎಂಬಂತಿತ್ತು. ಈಗ ಒಂದು ಕೈಯಲ್ಲಿ ಎತ್ತಬಹುದಾದ, ಸಿಂಗಲ್ ಫೇಸಿನಲ್ಲೇ ನಡೆಯುವ ಇನ್ವರ್ಟರ್ ಮಶಿನ್ ಬಂದಿದೆ. ಹೊಲದಲ್ಲಿ ಮುರಿದ ಟ್ರೇಲರಿನ ಬಳಿಗೇ ಜನರೇಟರ್ ಜೊತೆ ಅದು ಹೋಗುತ್ತದೆ.

ಆದರೆ ಕಣ್ಣು ಹೊಸದಾಗಿ ಸಿಗುವುದಿಲ್ಲ. ಟ್ಯಾಕ್ ಹೊಡೆಯುವಾಗ ‘ಒಂದೇ ಚುಕ್ಕಿ ಅಲಾ’ ಎಂದು ಬರಿಗಣ್ಣಲ್ಲಿ ನೋಡುವ ಹುಡುಗರಿಗೆ ಆ ರಾತ್ರಿ ಕಣ್ಣಲ್ಲಿ ಮರಳು ಸುರಿದಂಥ ಉರಿ ಏಳುತ್ತದೆ. ಬೆಳಕಿನ ಜೊತೆ ಬರುವ ಅತಿನೇರಳೆ ಕಿರಣ ಕಣ್ಣಿನ ಮೇಲ್ಪದರವನ್ನೇ ಸುಟ್ಟಿರುತ್ತದೆ. ಹಾಗೆಯೇ ಸತುವಿನ ಲೇಪವಿರುವ ನೀರಿನ ಪೈಪನ್ನು ಉಜ್ಜದೆ ಬೆಸೆದರೆ ಏಳುವ ಬಿಳಿ ಹೊಗೆ ಚಳಿಜ್ವರ ತರಿಸುತ್ತದೆ. ಕಪ್ಪು ಗಾಜಿನ ಮುಖವಾಡವನ್ನು ಗೋಡೆಗೆ ತೂಗುಹಾಕಿ ಕೆಲಸ ಮಾಡುವ ಅಂಗಡಿಗಳನ್ನು ಕಂಡಾಗೆಲ್ಲ ಸಂಕಟವಾಗುತ್ತದೆ.

ಬಂಪರಿನ ಹೊರಮೈ ಎಷ್ಟು ಚೆಂದವಿದ್ದರೂ ಅದರ ಪ್ರಾಣ ಇರುವುದು ಕಾಣದ ಕಡೆ, ಚಾಸಿಗೆ ಸೇರುವ ಜಾಗದಲ್ಲಿ. ರಾಡಿಯಲ್ಲಿ ಹುಗಿದ ಗಾಡಿಯನ್ನು ಟ್ರ್ಯಾಕ್ಟರ್ ಕಟ್ಟಿ ಎಳೆಯುವಾಗ ಕೊಕ್ಕೆಯ ಮೇಲೆ ಬೀಳುವ ಎಳೆತ ಗಾಡಿಯ ತೂಕವನ್ನೂ ಮೀರಬಲ್ಲದು. ಕೊಕ್ಕೆಯನ್ನು ಬರಿಯ ಹೊರತಗಡಿಗೆ ಬೆಸೆದಿದ್ದರೆ ತಗಡು ಹರಿದು ಕೊಕ್ಕೆ ಗುಂಡಿನಂತೆ ಹಾರುತ್ತದೆ. ಟ್ರೇಲರ್ ಕಟ್ಟಲು ಇರುವ ಗುಂಡು ತಲೆಯ ಕೊಂಡಿಗೆ ಹಗ್ಗ ಹಾಕಿ ಎಳೆದು, ಅದು ಮುರಿದು ಹಾರಿ ಜೀವ ಹೋದ ಘಟನೆಗಳು ಬೇರೆ ದೇಶಗಳಲ್ಲಿ ಆಗಿವೆ. ಆದ್ದರಿಂದ ಕೊಕ್ಕೆಯ ಪ್ಲೇಟು ಹೊರತಗಡನ್ನು ಸೀಳಿಕೊಂಡು ಒಳಗೆ ಹೋಗಬೇಕು, ಎರಡೂ ಮೈಗೆ ಬೆಸುಗೆ ಬೀಳಬೇಕು, ಅದರ ಹಿಂತುದಿ ನೇರ ಚಾಸಿಗೆ ಬೋಲ್ಟಿನಲ್ಲಿ ಕೂರಬೇಕು. ಚಾಸಿಗೆ ಹೊಸ ತೂತು ಕೊರೆಯದೆ ಕಂಪನಿ ಕೊಟ್ಟ ತೂತುಗಳನ್ನೇ ಬಳಸುವವನು ಒಳ್ಳೆಯ ಮಿಸ್ತ್ರಿ. ಬೋಲ್ಟಿನ ತಲೆಯ ಮೇಲೆ 8.8 ಎಂದು ಕೆತ್ತಿದೆಯೇ ಎಂದು ಗಿರಾಕಿ ಬಗ್ಗಿ ನೋಡಿದರೆ ತಪ್ಪೇನಿಲ್ಲ. ಗಾಡಿಯ ಮೇಲೆಯೇ ಬೆಸೆಯುವ ಪ್ರಸಂಗ ಬಂದರೆ ಮೊದಲು ಬ್ಯಾಟರಿಯ ತಂತಿ ಬಿಚ್ಚಬೇಕು, ಡೀಸೆಲ್ ಟ್ಯಾಂಕು ಎಲ್ಲಿದೆ ಎಂದು ನೋಡಿಕೊಳ್ಳಬೇಕು.

ಇಲ್ಲಿಂದ ಮುಂದೆ ಬರುವುದು ಎತ್ತರದ ಪ್ರಶ್ನೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಒಡ್ಡು ಹತ್ತುವ ಗಾಡಿಗೆ ಹಿಂದಿನ ಬಂಪರ್ ಎತ್ತರದಲ್ಲಿರಬೇಕು. ಹಿಂದಿನ ಗಾಲಿ ನೆಲ ಮುಟ್ಟುವಲ್ಲಿಂದ ಬಂಪರಿನ ತುದಿ 60 ಸೆಂಟಿಮೀಟರ್ ಹಿಂದೆ, ನೆಲದಿಂದ 40 ಸೆಂಟಿಮೀಟರ್ ಮೇಲೆ ಇದೆ ಎನ್ನೋಣ. ಸ್ಥೂಲ ಲೆಕ್ಕದಲ್ಲಿ 34 ಡಿಗ್ರಿ ಹತ್ತಿರದ ಏರಿನವರೆಗೂ ಅದು ನೆಲಕ್ಕೆ ತಾಗದು. ಹತ್ತು ಸೆಂಟಿಮೀಟರ್ ಕೆಳಗಿಳಿಸಿದರೆ 27 ಡಿಗ್ರಿಗೇ ಬದುವಿಗೆ ಬಡಿಯುತ್ತದೆ. ಹೊಲದ ಗಾಡಿ ಮೇಲಕ್ಕೆ ಎತ್ತು ಅನ್ನುತ್ತದೆ. ಆದರೆ ಅದೇ ಗಾಡಿ ಸಂಜೆ ಡಾಂಬರಿಗೆ ಬಂದಾಗ ಅದರ ಹಿಂದೆ ಬೈಕು ಬರುತ್ತದೆ, ಸಣ್ಣ ಕಾರು ಬರುತ್ತದೆ. ಬಂಪರ್ ಎತ್ತರದಲ್ಲಿದ್ದರೆ ಕಾರಿನ ಮುಂಭಾಗ ಅದರಡಿ ತೂರಿ, ಉಕ್ಕು ನೇರ ಗಾಜಿಗೆ, ಒಳಗೆ ಕೂತವರ ತಲೆಗೆ ಬರುತ್ತದೆ.

1967ರ ಜೂನ್ 29ರಂದು ಅಮೆರಿಕದ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಹೀಗೆಯೇ ಟ್ರೇಲರಿನ ಹಿಂದೆ ಕಾರು ನುಗ್ಗಿ ತೀರಿಕೊಂಡರು. ಟ್ರೇಲರಿನ ಹಿಂದೆ ತೂಗುವ ಅಡ್ಡಪಟ್ಟಿಯನ್ನು ಅಲ್ಲಿ ಇಂದಿಗೂ ಅವರ ಹೆಸರಿನಿಂದ ಕರೆಯುತ್ತಾರೆ. ಆ ಪಟ್ಟಿ ನೆಲದಿಂದ 22 ಇಂಚಿಗಿಂತ ಮೇಲಿರಬಾರದೆಂಬ ನಿಯಮ ಅಲ್ಲಿ ಹೊಸ ಟ್ರೇಲರುಗಳಿಗೆ ಜಾರಿಗೆ ಬಂದದ್ದು 1998ರಲ್ಲಿ. ನಮ್ಮಲ್ಲೂ ಸರಕು ವಾಹನಗಳ ಹಿಂದಿನ ತಡೆಪಟ್ಟಿಗೆ ಐಎಸ್ 14812 ಎಂಬ ಮಾನದಂಡವಿದೆ. ಆದರೂ ಕತ್ತಲಲ್ಲಿ ಕಬ್ಬೋ ಗೋವಿನಜೋಳವೋ ಹೇರಿಕೊಂಡು ಹೋಗುವ ಟ್ರೇಲರುಗಳ ಹಿಂದೆ ದೀಪವೂ ಇಲ್ಲ, ಪಟ್ಟಿಯೂ ಇಲ್ಲ ಎಂಬ ನೋಟ ನಮ್ಮ ರಸ್ತೆಗಳಲ್ಲಿ ಅಪರೂಪವಲ್ಲ. ಬೈಕಿನಲ್ಲಿ ಬರುವವನಿಗೆ ಅದು ಕಾಣುವ ಹೊತ್ತಿಗೆ ಬ್ರೇಕ್ ಹಿಡಿಯಲು ಜಾಗ ಉಳಿದಿರುವುದಿಲ್ಲ.

ರೈತನ ಕಷ್ಟವೂ ನಿಜ. ಹೈಡ್ರಾಲಿಕ್ಕಿನಿಂದ ಹಿಂದಕ್ಕೆ ಬಗ್ಗಿ ಸುರಿಯುವ ಟ್ರೇಲರಿಗೆ ಕೆಳಗೆ ಪಟ್ಟಿ ಇದ್ದರೆ ಸುರಿದ ಮಾಲು ಅದರ ಮೇಲೇ ಬೀಳುತ್ತದೆ, ಬದು ದಾಟುವಾಗ ಅದು ಮಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಆಗ ಪಟ್ಟಿಯನ್ನೇ ಗ್ಯಾಸಿನಲ್ಲಿ ಕತ್ತರಿಸಿ ತೆಗೆಸುವ ಮನಸ್ಸಾಗುತ್ತದೆ. ಇದಕ್ಕೆ ಉತ್ತರ ವೆಲ್ಡಿಂಗ್ ಅಂಗಡಿಯಲ್ಲೇ ಇದೆ. ಪಟ್ಟಿಯನ್ನು ಖಾಯಂ ಬೆಸೆಯದೆ ಎರಡು ತಿರುಗಣೆಯ ಮೇಲೆ ಕೂರಿಸಿ, ಹೊಲದಲ್ಲಿ ಮೇಲೆತ್ತಿ ಪಿನ್ ಹಾಕುವಂತೆ, ರಸ್ತೆಗೆ ಬಂದಾಗ ಇಳಿಸಿ ಮತ್ತೆ ಪಿನ್ ಹಾಕುವಂತೆ ಮಾಡಬಹುದು. ಪಿನ್ ಕಳೆಯದಂತೆ ತುಂಡು ಸರಪಳಿ ಸಾಕು. ಜೀಪಿನ ಬಂಪರಿಗೂ ಇದೇ ವಿವೇಕ ಬೇಕು: ತುದಿಗಳನ್ನು ಓರೆಯಾಗಿ ಮೇಲಕ್ಕೆ ಕತ್ತರಿಸಿ ಗಾಲಿಯ ಬಳಿ ಜಾಗ ಕೊಟ್ಟು, ನಡುಭಾಗವನ್ನು ಆದಷ್ಟು ಕೆಳಗೆ ಉಳಿಸುವುದು. ಚೂಪು ಮೂಲೆ ಒಂದೂ ಇರದಂತೆ ದುಂಡಗೆ ಉಜ್ಜುವುದು. ಸಂತೆಯ ದಿನ ಆ ಮೂಲೆಯ ಎತ್ತರಕ್ಕೇ ಬರುವುದು ಮಕ್ಕಳ ಮುಖ.

ಕಾನೂನಿನ ಮಾತನ್ನು ಮಿಸ್ತ್ರಿಯೂ ಗಿರಾಕಿಯೂ ಇಬ್ಬರೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದೇ ಕಲಮನ್ನು ಮುಂದಿಟ್ಟು ಗಾಡಿಗಳ ಉಕ್ಕಿನ ಕ್ರ್ಯಾಷ್ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಬಿಗಿಯಾದ ಉಕ್ಕು ಡಿಕ್ಕಿಯ ಪೆಟ್ಟನ್ನು ತಾನು ನುಂಗದೆ ಚಾಸಿಗೆ, ಅಲ್ಲಿಂದ ಕೂತವರಿಗೆ ದಾಟಿಸುತ್ತದೆ, ಎದುರಿಗೆ ಸಿಕ್ಕ ಪಾದಚಾರಿಯ ಗಾಯವನ್ನೂ ಹೆಚ್ಚಿಸುತ್ತದೆ ಎಂಬುದು ಈ ನಿಲುವಿನ ಹಿಂದಿರುವ ವಿಚಾರ. ದಿನವೂ ಹೆದ್ದಾರಿಯಲ್ಲೇ ಓಡುವ ಕಾರಿಗೆ ಇಂಥ ಬಂಪರ್ ಕೇಳಿಕೊಂಡು ಬಂದವರಿಗೆ ‘ಬ್ಯಾಡ್ರಿ’ ಎನ್ನುವುದೇ ಸರಿ. ಹೊಲ, ಕಾಡಂಚಿನ ಗಾಡಿಗೆ ಮಾಡಿಸುವವರೂ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಂಡೇ ಅಂಗಡಿಗೆ ಬರುವುದು ಒಳ್ಳೆಯದು.

ಕೊನೆಯ ದಿನದ ಕೆಲಸ ಬಣ್ಣದ್ದು. ವೆಲ್ಡಿಂಗಿನ ಮೇಲಿನ ಕಿಟ್ಟವನ್ನು ಸುತ್ತಿಗೆಯಲ್ಲಿ ತಟ್ಟಿ ಉದುರಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿಯುತ್ತಾರೆ. ಬಂಪರಿನ ತಳದಲ್ಲಿ ಎರಡು ಸಣ್ಣ ತೂತು ಇದೆಯೇ ಎಂದು ಇಲ್ಲೇ ನೋಡಿಕೊಳ್ಳಬೇಕು. ನೀರು ಹರಿದು ಹೋಗದಿದ್ದರೆ ಎರೆಮಣ್ಣು ಒಳಗೇ ಕೂತು ಉಕ್ಕನ್ನು ತಿನ್ನುತ್ತದೆ. ಆಮೇಲೆ ಕಪ್ಪು ಬಣ್ಣ, ನಂಬರ್ ಪ್ಲೇಟು, ಅದರ ಮೇಲೆ ಬೆಳಕು ಚೆಲ್ಲುವ ಪುಟ್ಟ ದೀಪ. ಅಂಗಡಿಯ ಕಿರಿಯ ಹುಡುಗ ಕೆಂಪು ಮಿಂಚುಪಟ್ಟಿಯ ಸುರುಳಿ ತಂದು, ಒದ್ದೆ ಬಟ್ಟೆಯಲ್ಲಿ ಧೂಳೊರೆಸಿ, ಅಂಚು ಏಳದಂತೆ ಹೆಬ್ಬೆರಳಿನಿಂದ ಒತ್ತುತ್ತ ಈ ತುದಿಯಿಂದ ಆ ತುದಿಗೆ ಅಂಟಿಸುತ್ತಾನೆ. ಮಿಸ್ತ್ರಿ ಹತ್ತಿಪ್ಪತ್ತು ಹೆಜ್ಜೆ ಹಿಂದೆ ಹೋಗಿ ಮೊಬೈಲಿನ ಬೆಳಕು ಬಿಟ್ಟು ನೋಡುತ್ತಾನೆ. ಎಡಗಡೆಯ ತುದಿ ಮಿಂಚದಿದ್ದರೆ ಅಲ್ಲಿಂದಲೇ ಕೈ ಮಾಡುತ್ತಾನೆ, ಹುಡುಗ ಮತ್ತೆ ಬಟ್ಟೆ ಒದ್ದೆ ಮಾಡಿಕೊಂಡು ಬರುತ್ತಾನೆ.