ಹೃದಯ ವೈಫಲ್ಯ: ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ನಮ್ಮ ದೇವನಕೊಂಡದ ಕಡೆ ಯಾರಾದರೂ ಹಠಾತ್ತನೆ ತೀರಿಕೊಂಡರೆ "ಹಾರ್ಟ್ ಫೇಲಾಯಿತು" ಎನ್ನುವುದು ವಾಡಿಕೆ. ವೈದ್ಯರು ಹೃದಯ ವೈಫಲ್ಯವೆಂದು ಕರೆಯುವ ಸ್ಥಿತಿ ಬೇರೆ. ಅದರಲ್ಲಿ ಹೃದಯ ನಿಲ್ಲುವುದಿಲ್ಲ, ದಣಿಯುತ್ತದೆ. ಹಿಂದಿನ ಕಪಿಲೆ ಬಾವಿಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮುದಿ ಎತ್ತು ಕಪಿಲೆಯನ್ನು ಎಳೆಯುತ್ತಲೇ ಇರುತ್ತದೆ. ಆದರೆ ಹೊಲಕ್ಕೆ ಸಾಕಷ್ಟು ನೀರು ತಲುಪುವುದಿಲ್ಲ.

ರಕ್ತವನ್ನು ಮುಂದಕ್ಕೆ ನೂಕುವ ಶಕ್ತಿ ಕುಂದಿದಾಗ ಶರೀರದಲ್ಲಿ ನೀರು ನಿಲ್ಲುತ್ತದೆ. ಪಾದಗಳು ಬಾಯುತ್ತವೆ. ಮಲಗಿದರೆ ಉಸಿರು ಕಟ್ಟಿ ಎದ್ದು ಕೂಡಬೇಕಾಗುತ್ತದೆ. ಹಿಂದೆ ಆದ ಹೃದಯಾಘಾತ, ಬಹುಕಾಲದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮದ್ಯಪಾನ, ಬಾಲ್ಯದ ಕೀಲುವಾತಜ್ವರದಿಂದ ಕೆಟ್ಟ ಕವಾಟ ಇವು ಇದರ ಮುಖ್ಯ ಕಾರಣಗಳು.

ಈ ವಿಷಯವನ್ನು ನಾನು ಆರಿಸಿಕೊಂಡದ್ದು ನನ್ನ ಹಿರಿಯಣ್ಣನವರ ಕಾರಣದಿಂದ. ಆಸ್ಪತ್ರೆಯೊಂದರಲ್ಲಿ ಒಂಬತ್ತು ದಿನವಿದ್ದು ಗುಣವಾಗಿ ಮನೆಗೆ ಬಂದರು. ಕೈಯಲ್ಲಿ ಇಂಗ್ಲಿಷಿನ ಡಿಸ್‌ಚಾರ್ಜ್ ಕಾಗದವಿತ್ತು. ಅದನ್ನು ನಮಗೆ ಯಾರೂ ಓದಿ ಹೇಳಲಿಲ್ಲ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದ ನಾನೂ ಅದನ್ನು ಮಡಚಿ, ಹೊಲದ ಪಾಸ್‌ಪುಸ್ತಕದೊಡನೆ ಪೆಟ್ಟಿಗೆಯಲ್ಲಿಟ್ಟೆ. ನೀರಿಳಿಸುವ ಮಾತ್ರೆಯಿಂದ ಮತ್ತೆ ಮತ್ತೆ ಹೊರಗೆ ಹೋಗಬೇಕಾಗುತ್ತದೆಂದು ಅಣ್ಣನವರು ಅದನ್ನು ಬಿಟ್ಟರು. ನಾಲ್ಕನೆಯ ತಿಂಗಳಲ್ಲಿ ಕಾಲು ಬಾತವು. ಆಸ್ಪತ್ರೆಯ ದಾರಿಯಲ್ಲಿಯೇ ತೀರಿಕೊಂಡರು. ಆ ಬಳಿಕ ಕಾಗದವನ್ನು ತೆಗೆದು ಓದಿದೆ. ಮಾತ್ರೆಯನ್ನು ನಿಲ್ಲಿಸಬಾರದೆಂದು ಅದರಲ್ಲಿ ಬರೆದಿತ್ತು.

ಬೇರೆ ದೇಶಗಳವರು ಹೆಚ್ಚು ಗಮನ ಕೊಟ್ಟಿರುವುದು ಈ ಮನೆಗೆ ಬಂದ ಮೇಲಿನ ದಿನಗಳಿಗೇ. ಇಂಗ್ಲೆಂಡಿನಲ್ಲಿ 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆ ಬಹುಮಟ್ಟಿಗೆ ತೆರಿಗೆ ಹಣದಿಂದ ನಡೆಯುತ್ತದೆ. ಸಂಶಯ ಬಂದರೆ ಕುಟುಂಬ ವೈದ್ಯರು ಒಂದು ರಕ್ತಪರೀಕ್ಷೆ ಮಾಡಿಸುತ್ತಾರೆ. ಅದರ ಅಂಶ ಬಹಳ ಹೆಚ್ಚಿದ್ದರೆ 2 ವಾರಗಳೊಳಗೆ, ಸಾಧಾರಣ ಹೆಚ್ಚಿದ್ದರೆ 6 ವಾರಗಳೊಳಗೆ ತಜ್ಞರು ನೋಡಬೇಕೆಂಬುದು ಅಲ್ಲಿನ ಮಾರ್ಗಸೂಚಿ. ಆಸ್ಪತ್ರೆಯಿಂದ ಬಿಡುಗಡೆಯಾದವರನ್ನೂ 2 ವಾರಗಳೊಳಗೆ ಮತ್ತೆ ಪರೀಕ್ಷಿಸಬೇಕು. ಈ ಕಾಯಿಲೆಗೆಂದೇ ತರಬೇತಿ ಪಡೆದ ದಾದಿಯರು ಅಲ್ಲಿದ್ದಾರೆ. ಸ್ವೀಡನ್ನಿನಲ್ಲಿ 1990ರ ದಶಕದಿಂದ ದಾದಿಯರೇ ನಡೆಸುವ ಚಿಕಿತ್ಸಾಲಯಗಳು ಬೆಳೆದವು. ಔಷಧಿಯ ಪ್ರಮಾಣವನ್ನು ಹಂತಹಂತವಾಗಿ ಸರಿಪಡಿಸುವುದು, ಮನೆಯವರಿಗೆ ಪಾಠ ಹೇಳುವುದು ಅವರ ಕೆಲಸ.

ಅಮೆರಿಕದ ದಾರಿ ಬೇರೆ. ಅಲ್ಲಿ ವೃದ್ಧರಿಗಾಗಿ ಸರಕಾರದ ಮೆಡಿಕೇರ್ ವಿಮೆ ಇದೆ. ಬಿಡುಗಡೆಯಾದ 30 ದಿನಗಳೊಳಗೆ ನಿರೀಕ್ಷೆಗಿಂತ ಹೆಚ್ಚು ರೋಗಿಗಳು ಮರಳಿ ದಾಖಲಾದರೆ ಅಂತಹ ಆಸ್ಪತ್ರೆಗೆ ಕೊಡುವ ಹಣವನ್ನು ಕಡಿತಗೊಳಿಸುವ ಕ್ರಮ 2012ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಹೃದಯ ವೈಫಲ್ಯವೂ ಅದರಲ್ಲಿ ಸೇರಿದೆ. ದಂಡದ ಭಯದಿಂದ ಆರೈಕೆ ಎಷ್ಟು ಸುಧಾರಿಸಿತೆಂಬುದರ ಬಗ್ಗೆ ಅಲ್ಲಿನ ವೈದ್ಯರಲ್ಲಿಯೇ ಭಿನ್ನಾಭಿಪ್ರಾಯವಿದೆ.

ನಮ್ಮ ದೇಶದ ಸ್ಥಿತಿಯನ್ನು ಕೇರಳದ ತಿರುವನಂತಪುರದಲ್ಲಿ 2013ರಲ್ಲಿ ನಡೆದ ನೋಂದಣಿ ತೋರಿಸಿಕೊಟ್ಟಿತು. 18 ಆಸ್ಪತ್ರೆಗಳ 1205 ರೋಗಿಗಳ ಸರಾಸರಿ ವಯಸ್ಸು ಸುಮಾರು 61. ಪಶ್ಚಿಮ ದೇಶಗಳ ರೋಗಿಗಳಿಗಿಂತ ಹಲವು ವರ್ಷ ಕಡಿಮೆ. 90 ದಿನಗಳೊಳಗೆ ಶೇಕಡಾ 18ರಷ್ಟು ಮಂದಿ ತೀರಿಕೊಂಡರು. ತಕ್ಕ ಔಷಧಿಗಳನ್ನೆಲ್ಲ ಪಡೆದವರಲ್ಲಿ ಮರಣ ಕಡಿಮೆಯಿತ್ತು.

ನಮ್ಮ ಆಂಧ್ರದಲ್ಲಿ 108 ವಾಹನ 2005ರಲ್ಲಿಯೂ ಆರೋಗ್ಯಶ್ರೀ 2007ರಲ್ಲಿಯೂ ಬಂದವು. ಆರೋಗ್ಯಶ್ರೀಗೆ 2024ರಲ್ಲಿ ಎನ್.ಟಿ.ಆರ್. ವೈದ್ಯ ಸೇವೆ ಎಂದು ಹೆಸರಾಯಿತು. ಬಡವನಿಗೂ ಹೃದಯದ ಶಸ್ತ್ರಚಿಕಿತ್ಸೆ ದೊರೆತದ್ದು ಸಣ್ಣ ಮಾತಲ್ಲ. ಆದರೆ ಇಂತಹ ಯೋಜನೆಗಳ ಬಲ ಮುಖ್ಯವಾಗಿ ಆಸ್ಪತ್ರೆಯೊಳಗಿನ ಚಿಕಿತ್ಸೆಯಲ್ಲಿದೆ. ದಿನನಿತ್ಯದ ಮಾತ್ರೆ ಮನೆಯವರ ಹೊಣೆಯಾಗಿ ಉಳಿಯುತ್ತದೆ. ಗಡಿಯವರಾದ ನಮಗೆ ಇನ್ನೊಂದು ತೊಡಕು. ನಮ್ಮವರು ಕರ್ನೂಲಿಗೆ ಹೋಗುವಂತೆಯೇ ಬಳ್ಳಾರಿಗೂ ಬೆಂಗಳೂರಿನ ಜಯದೇವಕ್ಕೂ ಹೋಗುತ್ತಾರೆ. ಆಂಧ್ರದ ಕಾರ್ಡು ನಡೆಯುವುದು ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಮಾತ್ರ. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳಿತು.

ಸ್ವೀಡನ್ನಿನ ದಾದಿ ಮಾಡುವ ಕೆಲಸದಲ್ಲಿ ಸ್ವಲ್ಪವನ್ನಾದರೂ ನಾವು ಮನೆಯಲ್ಲಿಯೇ ಮಾಡಬಹುದು. ರೋಗಿಯನ್ನು ಪ್ರತಿದಿನ ಬೆಳಿಗ್ಗೆ, ಏನನ್ನೂ ತಿನ್ನುವ ಮುನ್ನ, ತೂಗಿ ಬರೆದಿಡಬೇಕು. ಮೂರು ದಿನಗಳಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಅಂದೇ ವೈದ್ಯರನ್ನು ಕಾಣಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಜ್ಜಿಗಳನ್ನು ದೂರವಿಡಬೇಕು. ಹಿತವೆನಿಸಿತೆಂದು ಮಾತ್ರೆ ನಿಲ್ಲಿಸಬಾರದು. ತೊಂದರೆಯಾದರೆ ವೈದ್ಯರನ್ನು ಕೇಳಿಯೇ ಬದಲಿಸಬೇಕು. ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಬೇಕು.

ಐವತ್ತು ವರ್ಷಗಳಿಂದ ಈ ಶಾಲೆ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಓದು ಕಲಿಸಿದೆ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮಲ್ಲಿ ವೈದ್ಯರು, ದಾದಿಯರು, ಔಷಧಿ ಅಂಗಡಿಯವರು ಇದ್ದೀರಿ. ತಿಂಗಳಿಗೊಂದು ಭಾನುವಾರ ಶಾಲೆಯಲ್ಲಿ ಕುಳಿತು, ಊರವರು ತಂದ ಆಸ್ಪತ್ರೆ ಕಾಗದಗಳನ್ನು ಓದಿ, ಅದರ ತಾತ್ಪರ್ಯವನ್ನು ಕನ್ನಡದಲ್ಲಿ ಬರೆದುಕೊಡಿರಿ. ಮಕ್ಕಳನ್ನು ತೂಗುವ ತೂಕದ ಯಂತ್ರ ಬೆಳಗಿನ ಹೊತ್ತು ಹಿರಿಯರಿಗೂ ದೊರೆಯುವಂತಾಗಲಿ. ನಾನು ಪೆಟ್ಟಿಗೆಯಲ್ಲಿಟ್ಟ ಕಾಗದದಂತಹುದು ಇನ್ನೊಂದು ಮನೆಯಲ್ಲಿ ಓದದೆ ಉಳಿಯಬಾರದು.