ಗಂಟುಬ್ಯಾನಿ ಬಂದಾಗ ಊರು ಹೆಂಗಿತ್ತು?



ಗಂಟುಬ್ಯಾನಿ ಅನ್ನುವ ಮಾತು ನೀವು ಕೇಳಿರಬಹುದು. ನಮ್ಮ ಕಡೆ ಹಿರಿಯರು ಪ್ಲೇಗು ರೋಗಕ್ಕೆ ಹಂಗ ಅಂತಿದ್ದರು. ಮೊದಲು ಜ್ವರ ಬರುತ್ತಿತ್ತು. ಆಮೇಲೆ ತೊಡೆಯ ಸಂದಿಯಲ್ಲಿ, ಬಗಲಲ್ಲಿ, ಕುತ್ತಿಗೆಯಲ್ಲಿ ಗಂಟು ಏಳುತ್ತಿದ್ದವು. ಸರಿಯಾದ ಔಷಧ ಇಲ್ಲದ ಆ ಕಾಲದಲ್ಲಿ ಗಂಟು ಎದ್ದವರಲ್ಲಿ ಬಹಳ ಮಂದಿ ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಆ ರೋಗ ಬಂದಾಗ ಪಟ್ಟಣದ ಮಂದಿ ಹೇಗೆ ಬದುಕಿದರು, ಹಳ್ಳಿಯ ಮಂದಿ ಏನು ಮಾಡಿದರು ಎಂಬುದನ್ನು ಈ ಸಲದ ಗೋಡೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ರೋಗ ರೈಲು ಹತ್ತಿ ಬಂತು

1894ರಲ್ಲಿ ಚೀನಾ ದೇಶದ ಪಕ್ಕದ ಹಾಂಕಾಂಗ್‌ನಲ್ಲಿ ಪ್ಲೇಗು ಜೋರಾಗಿತ್ತು. ಆಗಲೇ ಅಲೆಕ್ಸಾಂಡರ್ ಯೆರ್ಸಿನ್ ಎಂಬ ವಿಜ್ಞಾನಿ ಅದರ ರೋಗಾಣುವನ್ನು ಕಂಡುಹಿಡಿದರು. ಹಡಗುಗಳಲ್ಲಿ ಮಾಲು ಬಂದ ಹಾಗೆ ಇಲಿಗಳೂ ಬಂದವು. 1896ರ ಸೆಪ್ಟೆಂಬರ್‌ನಲ್ಲಿ ಮುಂಬೈಯಲ್ಲಿ ಪ್ಲೇಗು ಕಾಣಿಸಿತು. ಮಂದಿ ಹೆದರಿ ಲಕ್ಷಗಟ್ಟಲೆ ಊರು ಬಿಟ್ಟರು. 1897ರಲ್ಲಿ ಪುಣೆ, 1898ರಲ್ಲಿ ಹುಬ್ಬಳ್ಳಿ, ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರು. ರೈಲು ಎಲ್ಲಿ ಹೋಯಿತೋ ರೋಗವೂ ಅಲ್ಲಿ ಹೋಯಿತು. ಮುಂಬೈಯಿಂದ ಮದ್ರಾಸಿಗೆ ಹೋಗುವ ರೈಲು ದಾರಿ ಆಗಲೇ ಸೊಲ್ಲಾಪುರ, ಕಲಬುರಗಿ, ವಾಡಿ ಮೇಲೆ ಹಾದು ಹೋಗುತ್ತಿತ್ತು. ಆಳಂದ, ಅಫಜಲಪುರ, ಜೇವರ್ಗಿ ಆಗ ನಿಜಾಮರ ರಾಜ್ಯದಲ್ಲಿದ್ದವು. ರೋಗಕ್ಕೆ ರಾಜ್ಯದ ಗಡಿ ಯಾರು ತೋರಿಸ್ತಾರ?

ಪಟ್ಟಣದ ಬದುಕು

ಸ್ಟೇಷನ್ನಿನಲ್ಲಿ ಇಳಿದವರನ್ನು ಸಾಲಾಗಿ ನಿಲ್ಲಿಸಿ ಡಾಕ್ಟರು ಬಗಲು, ಕುತ್ತಿಗೆ ಮುಟ್ಟಿ ನೋಡುತ್ತಿದ್ದರು. ರೋಗದ ಗುಮಾನಿ ಬಂದರೆ ಊರ ಹೊರಗಿನ ಕ್ಯಾಂಪಿಗೆ ಒಯ್ಯುತ್ತಿದ್ದರು. ಮನೆಗಳಿಗೆ ಸುಣ್ಣ ಹೊಡೆಸುತ್ತಿದ್ದರು. ಬಿಸಿಲು ಬೀಳಲಿ ಎಂದು ಹಂಚು ತೆಗೆಸುತ್ತಿದ್ದರು. ಹಾಸಿಗೆ ಬಟ್ಟೆ ಸುಡುತ್ತಿದ್ದರು. 1897ರಲ್ಲಿ ಸರಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿ ಅಧಿಕಾರಿಗಳಿಗೆ ಬಹಳ ಅಧಿಕಾರ ಕೊಟ್ಟಿತು.

ಪುಣೆಯಲ್ಲಿ ಸೈನಿಕರೇ ಮನೆಯೊಳಗೆ ನುಗ್ಗಿ ಹುಡುಕಿದರು. ದೇವರ ಕೋಣೆ, ಅಡುಗೆ ಕೋಣೆ ಅಂತ ನೋಡಲಿಲ್ಲ. ಮಂದಿಗೆ ಬ್ಯಾನಿಗಿಂತ ಸರಕಾರದ ಹೆದರಿಕೆಯೇ ದೊಡ್ಡದಾಯಿತು. ರೋಗಿಗಳನ್ನು ಮನೆಯಲ್ಲೇ ಮುಚ್ಚಿಟ್ಟರು. ಮುಚ್ಚಿಟ್ಟಷ್ಟೂ ರೋಗ ಹಬ್ಬಿತು. 1897ರ ಜೂನ್ 22ರಂದು ಪುಣೆಯ ಪ್ಲೇಗು ಅಧಿಕಾರಿ ರ್‍ಯಾಂಡ್ ಎಂಬುವರ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಅವರು ಸತ್ತರು. ಮೈಸೂರು ರಾಜ್ಯದಲ್ಲಿಯೂ 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಮಂದಿ ದಂಗೆ ಎದ್ದರು.

ಬೆಂಗಳೂರಿನಲ್ಲಿ ಹಳೇ ಪೇಟೆಯ ಓಣಿಗಳು ಇಕ್ಕಟ್ಟು. ಗಾಳಿ ಬೆಳಕು ಕಡಿಮೆ. ಬಹಳ ಮಂದಿ ಮನೆಗೆ ಬೀಗ ಹಾಕಿ ಹೋದರು. ರೋಗದ ಸುದ್ದಿ ಬೇಗ ಮುಟ್ಟಲಿ ಎಂದು ಅಲ್ಲಿ ಟೆಲಿಫೋನು ತಂತಿ ಎಳೆದರು. ಆಮೇಲೆ ಅಗಲ ರಸ್ತೆಗಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಮಂದಿ ಪ್ಲೇಗಿಗೂ ಒಂದು ದೇವಿ ಮಾಡಿ ಪ್ಲೇಗ್ ಮಾರಮ್ಮ ಅಂತ ಗುಡಿ ಕಟ್ಟಿದರು. ಆ ಗುಡಿಗೆ ಈಗಲೂ ಮಂದಿ ನಡೆದುಕೊಳ್ಳುತ್ತಾರೆ.

ಹಳ್ಳಿಯವರಿಗೆ ಗೊತ್ತಿತ್ತು

ನಮ್ಮ ಮುತ್ಯಾ ಸಣ್ಣವರಿದ್ದಾಗ ಅವರ ಆಯಿ ಈ ಸಂಗತಿ ಹೇಳುತ್ತಿದ್ದರಂತೆ. ಮುತ್ಯಾ ನನಗೆ ಹೇಳಿದ ಹಾಗೇ ಬರೆಯುತ್ತೇನೆ: "ಮನಿಯಾಗ ಇಲಿ ಗಿರಗಿರ ತಿರುಗಿ ಬಿದ್ದು ಸತ್ತವು ಅಂದ್ರ ಮರುದಿನ ಊರಾಗ ಯಾರೂ ಇರ್ತಿದ್ದಿಲ್ಲ. ಬಂಡಿ ಹೂಡಿ ಹೊಲಕ್ಕ ಹೋಗ್ತಿದ್ರು. ಕಣಕಿ ಹೊದಿಸಿದ ಗುಡಸಲದಾಗೇ ಒಲಿ, ಅಲ್ಲೇ ಬಾಣಂತನ, ಅಲ್ಲೇ ಹಬ್ಬ. ಊರಾಗ ನಾಯಿ ಬಿಟ್ಟರ ಮತ್ತ ಯಾರೂ ಇಲ್ಲ."

ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ಯಾಕಂದ್ರೆ ದೊಡ್ಡ ದೊಡ್ಡ ಡಾಕ್ಟರುಗಳು ಆಗ ಕೆಟ್ಟ ಗಾಳಿ, ಹೊಲಸು ನೆಲ, ರೋಗಿಯ ಬಟ್ಟೆ ಇವುಗಳಿಂದಲೇ ಪ್ಲೇಗು ಬರುತ್ತದೆ ಎಂದು ತಿಳಿದಿದ್ದರು. 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋನ್ ಎಂಬ ಫ್ರಾನ್ಸ್ ದೇಶದ ವೈದ್ಯರು ಇಲಿಯ ಮೈಮೇಲಿನ ಚಿಗಟವೇ ರೋಗ ತರುತ್ತದೆ ಎಂದು ತೋರಿಸಿದರು. ಚಿಗಟ ಅಂದ್ರೆ ನಾಯಿ ಬೆಕ್ಕಿನ ಮೈಮೇಲೂ ಜಿಗಿಯುವ ಸಣ್ಣ ಹುಳ. ಇಲಿ ಸತ್ತು ತಣ್ಣಗಾದ ಮೇಲೆ ಚಿಗಟ ಅದನ್ನು ಬಿಟ್ಟು ಮನುಷ್ಯನನ್ನು ಕಚ್ಚುತ್ತದೆ. ಸಿಮೋನ್ ಮಾತನ್ನು ಬಹಳ ಜನ ಕೆಲವು ವರ್ಷ ನಂಬಲೇ ಇಲ್ಲ.

ಈಗ ವಿಚಾರ ಮಾಡಿ. ನಮ್ಮ ಹಳ್ಳಿ ಮನೆಗಳಲ್ಲಿ ಜೋಳ ತುಂಬಿದ ಹಗೇವು ಇರುತ್ತಿದ್ದವು. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಚಿಗಟ. ಇಲಿ ಬಿದ್ದ ಕೂಡಲೇ ಮನೆ ಬಿಟ್ಟರೆ ಚಿಗಟ ಕಚ್ಚುವುದು ತಪ್ಪುತ್ತದೆ. ಶಾಲೆ ಕಲಿಯದ ಹಿರಿಯರು ಚಿಗಟದ ವಿಷಯ ತಿಳಿಯದಿದ್ದರೂ ಕಣ್ಣಿಂದ ನೋಡಿ ಸರಿಯಾದ ದಾರಿ ಹಿಡಿದಿದ್ದರು. ಆದರೆ ಗಂಟು ಗದಡಿಯಲ್ಲಿ, ಕಾಳಿನ ಚೀಲದಲ್ಲಿ ಚಿಗಟ ಕೂತು ಬಂದರೆ ಹೊಲದಲ್ಲಿಯೂ ಬ್ಯಾನಿ ಬರುತ್ತಿತ್ತು.

ಲಸಿಕೆಯೂ ಬಂತು. ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ ಮುಂಬೈಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿ ಈ ಲಸಿಕೆ ಹಾಕಿಸಿಕೊಂಡರು. ಆದರೂ ನಮ್ಮ ದೇಶದಲ್ಲಿ ಆ ವರ್ಷಗಳಿಂದ ಮುಂದೆ ಪ್ಲೇಗಿಗೆ 1 ಕೋಟಿಗಿಂತ ಹೆಚ್ಚು ಜನ ಸತ್ತರು.

ಓಡಿದವರು, ಉಳಿದವರು

ಎಲ್ಲರೂ ಓಡಿದರೆ ರೋಗಿಗೆ ನೀರು ಕೊಡುವವರು ಯಾರು? ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಓಡಲಿಲ್ಲ. ನಮ್ಮ ಶಾಲೆಯಲ್ಲಿ ಅವರ ಜಯಂತಿ ಮಾಡುತ್ತೇವಲ್ಲ, ಅವರೇ. ಅವರ ಮಗ ಯಶವಂತ ಡಾಕ್ಟರಾಗಿದ್ದರು. ಇಬ್ಬರೂ ಊರ ಹೊರಗೆ ರೋಗಿಗಳ ಸೇವೆ ಮಾಡಿದರು. ಸಾವಿತ್ರಿಬಾಯಿ ಒಬ್ಬ ರೋಗಿ ಹುಡುಗನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ತಂದರು. ಅವರಿಗೂ ರೋಗ ತಗಲಿತು. 1897ರ ಮಾರ್ಚ್ 10ರಂದು ತೀರಿಕೊಂಡರು.

ಇಂಥದೇ ಸಂಗತಿ ಅವರಿಗಿಂತ ನೂರು ವರ್ಷ ಮೊದಲು ಅಮೆರಿಕದಲ್ಲಿಯೂ ನಡೆದಿತ್ತು. ಆಗ ಅಲ್ಲಿಯ ರಾಜಧಾನಿ ಫಿಲಡೆಲ್ಫಿಯಾ, ಅಧ್ಯಕ್ಷರು ಜಾರ್ಜ್ ವಾಷಿಂಗ್ಟನ್. 1793ರಲ್ಲಿ ಹಳದಿ ಜ್ವರ ಬಂದು ಸುಮಾರು 50,000 ಜನರ ಆ ಪಟ್ಟಣದಲ್ಲಿ ಸುಮಾರು 5,000 ಜನ ಸತ್ತರು. ವಾಷಿಂಗ್ಟನ್ ಸಹಿತ ಸಾವಿರಾರು ಜನ ಊರು ಬಿಟ್ಟರು. ಉಳಿದವರು ಮೂಗಿಗೆ ವಿನೆಗರ್ ಅದ್ದಿದ ಬಟ್ಟೆ ಹಿಡಿದು ಓಡಾಡಿದರು. ಬಂದರಿನಲ್ಲಿ ಕೊಳೆತ ಕಾಫಿಯ ನಾತದಿಂದಲೇ ರೋಗ ಬಂತು ಎಂದು ಒಬ್ಬ ದೊಡ್ಡ ಡಾಕ್ಟರು ಹೇಳಿದರು. ಕರಿಯ ಜನರಿಗೆ ಈ ರೋಗ ಬರುವುದಿಲ್ಲ ಎಂಬ ಸುಳ್ಳು ನಂಬಿಕೆಯೂ ಇತ್ತು. ಅಬ್ಸಲೊಮ್ ಜೋನ್ಸ್, ರಿಚರ್ಡ್ ಅಲೆನ್ ಎಂಬ ಕರಿಯ ಮುಖಂಡರು ತಮ್ಮ ಜನರನ್ನು ಕೂಡಿಸಿ ರೋಗಿಗಳ ಆರೈಕೆ ಮಾಡಿದರು, ಹೆಣ ಹೂತರು. ಅವರಲ್ಲಿಯೂ ಬಹಳ ಮಂದಿ ಸತ್ತರು. ರೋಗ ಹೋದ ಮೇಲೆ ಅವರ ಮೇಲೆಯೇ ಹಣ ಸುಲಿದರು ಅಂತ ಅಪವಾದ ಹೊರಿಸಿದರು. 1794ರಲ್ಲಿ ಅವರಿಬ್ಬರೂ ಪುಸ್ತಕ ಅಚ್ಚು ಹಾಕಿಸಿ ಉತ್ತರ ಕೊಟ್ಟರು.

ಹಳದಿ ಜ್ವರ ತಂದದ್ದು ನಾತ ಅಲ್ಲ, ಸೊಳ್ಳೆ. ಅದು ಪಕ್ಕಾ ಆದದ್ದು 1900ರಲ್ಲಿ. ಚಳಿ ಬಿದ್ದು ಸೊಳ್ಳೆ ಸತ್ತದ್ದರಿಂದ ಆ ವರ್ಷ ರೋಗ ನಿಂತಿತ್ತು. ಇಲ್ಲಿ ಚಿಗಟ, ಅಲ್ಲಿ ಸೊಳ್ಳೆ. ಎರಡೂ ಕಡೆ ಮಂದಿ ಹುಳ ಬಿಟ್ಟು ಮನುಷ್ಯರ ಮೇಲೆ ಗುಮಾನಿ ಪಟ್ಟರು.

ನಮ್ಮ ಕಾಲದ ಮಾತು

2020ರಲ್ಲಿ ಕೊರೊನಾ ಬಂತು. ನಮ್ಮ ದೇಶದಲ್ಲಿ ಅದರಿಂದ ಮೊದಲ ಸಾವು ನಮ್ಮ ಕಲಬುರಗಿಯವರದೇ. ಅದೂ ಮಾರ್ಚ್ 10ರಂದೇ. ನಾನು ಆಗ ಸಣ್ಣಾಕಿ. ನಮ್ಮ ಅಪ್ಪ ಅವ್ವ ದುಡಿಯಲು ಪುಣೆಗೆ ಹೋಗಿದ್ದರು. ತಿರುಗಿ ಬಂದಾಗ ಅವರನ್ನು ಒಂದು ಶಾಲೆಯಲ್ಲಿ ಇಟ್ಟರು. ದೂರ ಇಡುವುದು ಸರಿಯೇ ಇತ್ತು, ಯಾಕಂದ್ರೆ ಕೊರೊನಾ ಉಸಿರಿನಿಂದ ಹರಡುತ್ತದೆ. ಆದರೆ ಮನೆಗೆ ಬಂದ ಮೇಲೂ ಎಷ್ಟೋ ದಿನ ಓಣಿಯವರು ನಮ್ಮ ಕೊಡ ನಳದ ಹತ್ತಿರ ಇಡಗೊಡಲಿಲ್ಲ. ಒಬ್ಬ ಮಾಂವಶಿ ಮಾತ್ರ ಆ 14 ದಿನವೂ ಶಾಲೆಯ ಗೇಟಿನ ಹತ್ತಿರ ರೊಟ್ಟಿ ಪಲ್ಯದ ಗಂಟು ಇಟ್ಟು, ದೂರ ನಿಂತು "ಒಯ್ರೆಪಾ" ಅಂತ ಕೂಗುತ್ತಿದ್ದರಂತೆ. ದೂರವೂ ಇದ್ದರು, ಕೈಯೂ ಬಿಡಲಿಲ್ಲ. ನಮ್ಮ ಅವ್ವ ಈಗಲೂ ಅವರ ಹೆಸರು ಹೇಳಿದರೆ ಕಣ್ಣು ಒರೆಸಿಕೊಳ್ಳುತ್ತಾಳೆ.

ಪ್ಲೇಗಿಗೆ ಈಗ ಔಷಧ ಇದೆ, ಬೇಗ ಆಸ್ಪತ್ರೆಗೆ ಹೋದರೆ ಗುಣವಾಗುತ್ತದೆ. ಹಳದಿ ಜ್ವರ ನಮ್ಮ ದೇಶದಲ್ಲಿ ಇಲ್ಲ. ಆದರೆ ಆ ಜ್ವರ ತರುವ ಸೊಳ್ಳೆ ಇಲ್ಲಿದೆ! ಕಾಲ ಮೇಲೆ ಬಿಳಿ ಪಟ್ಟಿ ಇರುವ ಅದೇ ಸೊಳ್ಳೆ ನಮ್ಮಲ್ಲಿ ಡೆಂಗೆ ಜ್ವರ ತರುತ್ತದೆ. ಅದು ಹಗಲಲ್ಲಿ ಕಚ್ಚುತ್ತದೆ. ಗಟಾರದಲ್ಲಿ ಅಲ್ಲ, ನಿಂತ ತಿಳಿ ನೀರಿನಲ್ಲಿ ಬೆಳೆಯುತ್ತದೆ. ನಮ್ಮ ಊರಲ್ಲಿ ನಳ ದಿನಾ ಬರುವುದಿಲ್ಲ, ಅದಕ್ಕೇ ಎಲ್ಲರ ಮನೆಯಲ್ಲೂ ಡ್ರಮ್ಮು ತುಂಬಿರುತ್ತವೆ. ತತ್ತಿಯಿಂದ ಸೊಳ್ಳೆ ಆಗಲು ಸುಮಾರು ಒಂದು ವಾರ ಬೇಕು. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ಮು, ಟಾಕಿ ಖಾಲಿ ಮಾಡಿ ಒಳಗೋಡೆ ತಿಕ್ಕಿ ತೊಳೆಯಬೇಕು, ಯಾಕಂದ್ರೆ ತತ್ತಿ ಗೋಡೆಗೆ ಅಂಟಿರುತ್ತವೆ. ಮೇಲೆ ಬಟ್ಟೆ ಕಟ್ಟಬೇಕು. ಹಳೇ ಟೈರು, ತೆಂಗಿನ ಚಿಪ್ಪಿನಲ್ಲಿ ನೀರು ನಿಲ್ಲಗೊಡಬಾರದು.

ನಮ್ಮ ಶಾಲೆಯ ಡ್ರಮ್ಮನ್ನು ಶನಿವಾರ ಶನಿವಾರ ತೊಳೆಯುವ ಕೆಲಸ ಏಳನೇ ತರಗತಿಯವರು ವಹಿಸಿಕೊಳ್ಳೋಣ ಎಂದು ನಾನು ಗುರುಗಳಲ್ಲಿ ವಿನಂತಿಸುತ್ತೇನೆ.

ಹೇಳಿರಿ ನೋಡೋಣ:
1. ಇಲಿ ಬಿದ್ದರೆ ಊರು ಬಿಡುತ್ತಿದ್ದದ್ದು ಯಾಕೆ ಸರಿ?
2. ಹಾಫ್ಕಿನ್ ಲಸಿಕೆಯನ್ನು ಮೊದಲು ಯಾರಿಗೆ ಹಾಕಿದರು?
3. ನಿಮ್ಮ ಮನೆಯ ಮುತ್ಯಾ, ಆಯಿಗೆ ಗಂಟುಬ್ಯಾನಿಯ ಕಥೆ ಗೊತ್ತೇ? ಕೇಳಿ ಬರೆದು ತಂದು ಮುಂದಿನ ಪತ್ರಿಕೆಗೆ ಹಚ್ಚಿರಿ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ